ಊಟದ ಗುಣಮಟ್ಟ ಮತ್ತು ಸ್ತನ ಕ್ಯಾನ್ಸರ್: ನಂಟು ಎಷ್ಟು, ಹೇಗೆ?

ಸಕ್ಕರೆ ಬಿಟ್ಟರೆ ಸ್ತನ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ. ಸೋಯಾ ತಿಂದರೆ ಬಂದೇ ಬರುತ್ತದೆ. ಹಾಲು ಮುಟ್ಟಲೇಬೇಡಿ. ಇಂಥ ಮಾತುಗಳು ಫೋನಿನಿಂದ ಫೋನಿಗೆ ಹಾರುತ್ತಲೇ ಇರುತ್ತವೆ. ಕಳಿಸುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಓದುವ ಹೆಣ್ಣುಮಕ್ಕಳಿಗೆ ಅದರಿಂದ ತೊಂದರೆಯೇ ಜಾಸ್ತಿ. ಆರೋಗ್ಯವಾಗಿರುವವರು ಯಾವುದೋ ಒಂದು ಪದಾರ್ಥದ ಹಿಂದೆ ಬೀಳುತ್ತಾರೆ. ಕಾಯಿಲೆ ಬಂದವರು "ನಾನೇ ಏನೋ ತಿಂದು ತಂದುಕೊಂಡೆನೇನೋ" ಎಂದು ಒಳಗೊಳಗೇ ಕೊರಗುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಈ ಕೊರಗು. ಅದಕ್ಕೇ ಈ ವಿಷಯವನ್ನು ಲೆಕ್ಕದ ಸಮೇತ ಬಿಡಿಸಿ ಹೇಳಬೇಕು ಅನ್ನಿಸಿತು.

ಊಟಕ್ಕೂ ಸ್ತನ ಕ್ಯಾನ್ಸರಿಗೂ ನಂಟು ಇದೆ. ಆದರೆ ಅದು ಯಾವುದೋ ಒಂದು ತಿಂಡಿಯ ನಂಟಲ್ಲ, ವರ್ಷಗಟ್ಟಲೆ ತಿಂದ ಊಟದ ಒಟ್ಟು ಗುಣಮಟ್ಟದ ನಂಟು. ಅದರ ಪರಿಣಾಮ ನಿಜ, ಆದರೆ ಭಾರಿ ಏನಲ್ಲ. ತಿನ್ನುವುದು ಕುಡಿಯುವುದರ ಲೆಕ್ಕದಲ್ಲಿ ಸ್ಪಷ್ಟವಾಗಿ ಎದ್ದು ಕಾಣುವುದು ಎರಡು. ಒಂದು ಮದ್ಯ. ಇನ್ನೊಂದು ಮುಟ್ಟು ನಿಂತ ಮೇಲಿನ ಮೈತೂಕ. ಉಳಿದವುಗಳ ಸಾಕ್ಷ್ಯ ಕೆಲವು ಕಡೆ ಗಟ್ಟಿಯಾಗಿದೆ, ಕೆಲವು ಕಡೆ ತೆಳುವಾಗಿದೆ.

2022ರಲ್ಲಿ ಪ್ರಪಂಚದಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಆ ವರ್ಷ ಸುಮಾರು 6.7 ಲಕ್ಷ ಮಂದಿ ಅದರಿಂದ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಈ ಕಾಯಿಲೆ ಬಂದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ, ಹೆಣ್ಣಾಗಿರುವುದು ಮತ್ತು ವಯಸ್ಸಾಗಿರುವುದು ಬಿಟ್ಟರೆ, ಬೊಟ್ಟು ಮಾಡಿ ತೋರಿಸಬಹುದಾದ ಬೇರೆ ಕಾರಣವೇ ಇರುವುದಿಲ್ಲ. ತಂದೆತಾಯಿಯಿಂದ ಬಂದ ಜೀನ್ ದೋಷದಿಂದ ಆಗುವುದು ನೂರರಲ್ಲಿ ಐದರಿಂದ ಹತ್ತು. ಬೇಗ ಮೈನೆರೆಯುವುದು, ತಡವಾಗಿ ಮುಟ್ಟು ನಿಲ್ಲುವುದು, ಮಕ್ಕಳಾಗದಿರುವುದು ಅಥವಾ ಮೊದಲ ಮಗು ತಡವಾಗಿ ಆಗುವುದು ಇವೆಲ್ಲ ಅಪಾಯವನ್ನು ಸ್ವಲ್ಪ ಸ್ವಲ್ಪ ಏರಿಸುತ್ತವೆ. ಇವು ಯಾವುವೂ ಯಾರ ತಪ್ಪೂ ಅಲ್ಲ. ಊಟ ಬರುವುದು ಈ ದೊಡ್ಡ ಲೆಕ್ಕದ ಒಂದು ಮೂಲೆಯಲ್ಲಿ. ನಮ್ಮ ಕೈಯಲ್ಲಿ ಒಂದಿಷ್ಟಾದರೂ ಇರುವ ಮೂಲೆ ಅದು, ಅದಕ್ಕೇ ಅದರ ಬಗ್ಗೆ ಇಷ್ಟು ಮಾತು.

ಊಟಕ್ಕೆ ಅಂಕ ಕೊಡುವುದು ಹೇಗೆ?

ಮೊದಮೊದಲು ಸಂಶೋಧಕರು ಒಂದೊಂದೇ ಅಂಶವನ್ನು ಹಿಡಿದು ನೋಡುತ್ತಿದ್ದರು. ಕೊಬ್ಬು, ವಿಟಮಿನ್ ಇ, ಮಾಂಸ, ಹೀಗೆ. ಅದರಲ್ಲೊಂದು ತೊಡಕಿದೆ. ಯಾರೂ ಬರೀ ಕೊಬ್ಬನ್ನೋ ಬರೀ ನಾರನ್ನೋ ತಿನ್ನುವುದಿಲ್ಲ ಅಲ್ವಾ? ಒಂದನ್ನು ಜಾಸ್ತಿ ತಿನ್ನುವವರು ಇನ್ನೊಂದನ್ನು ಕಡಿಮೆ ತಿನ್ನುತ್ತಾರೆ. ತಟ್ಟೆಯಲ್ಲಿ ಎಲ್ಲವೂ ಬೆರೆತೇ ಇರುತ್ತವೆ. ಹಾಗಾಗಿ ಇಡೀ ಊಟವನ್ನು ಅಳೆಯುವ ಪದ್ಧತಿ ಬಂತು. ಪರೀಕ್ಷೆಯ ಅಂಕಪಟ್ಟಿಯ ಹಾಗೆ, ತರಕಾರಿಗೆ ಇಷ್ಟು, ಇಡೀ ಧಾನ್ಯಕ್ಕೆ ಇಷ್ಟು, ಬೇಳೆಕಾಳಿಗೆ ಇಷ್ಟು ಎಂದು ಕೊಟ್ಟು ಕೊನೆಗೆ ಕೂಡಿಸುತ್ತಾರೆ.

ಅಮೆರಿಕದ ಕೃಷಿ ಇಲಾಖೆ 1995ರಲ್ಲಿ ರೂಪಿಸಿದ ಸೂಚ್ಯಂಕಕ್ಕೆ ಒಟ್ಟು 100 ಅಂಕ. ಹಾರ್ವರ್ಡ್ ಸಂಶೋಧಕರು ಅದನ್ನೇ ತಿದ್ದಿ ತಮ್ಮದೊಂದು ಮಾಡಿಕೊಂಡರು. ಮೆಡಿಟರೇನಿಯನ್ ಊಟದ, ಅಂದರೆ ಆ ಸಮುದ್ರದ ಸುತ್ತಲಿನ ದೇಶಗಳ ತರಕಾರಿ, ಬೇಳೆಕಾಳು, ಮೀನು, ಆಲಿವ್ ಎಣ್ಣೆಯ ಊಟದ ಅಂಕ ಸೊನ್ನೆಯಿಂದ ಒಂಬತ್ತು. ರಕ್ತದೊತ್ತಡ ಇಳಿಸಲೆಂದು ಹುಟ್ಟಿದ ಡ್ಯಾಶ್ ಊಟಕ್ಕೂ ಅಂಕಪಟ್ಟಿ ಇದೆ. ಒಂದೊಂದರ ವಿವರ ಬೇರೆ ಬೇರೆ. ಆದರೆ ತಿರುಳು ಹೆಚ್ಚುಕಡಿಮೆ ಒಂದೇ. ತರಕಾರಿ, ಸೊಪ್ಪು, ಇಡೀ ಹಣ್ಣು, ಬೇಳೆಕಾಳು, ತವುಡು ತೆಗೆಯದ ಧಾನ್ಯ, ಒಣಬೀಜಗಳು ಇದ್ದರೆ ಅಂಕ ಏರುತ್ತದೆ. ಸಿಹಿ ಪಾನೀಯ, ಸಂಸ್ಕರಿಸಿದ ಮಾಂಸ, ಜಾಸ್ತಿ ಉಪ್ಪು, ಮೈದಾದಂಥ ನುಣುಪು ಹಿಟ್ಟಿನ ತಿನಿಸು ಇದ್ದರೆ ಇಳಿಯುತ್ತದೆ. ಊಟದ ಗುಣಮಟ್ಟ ಅಂದಾಗ ಸಂಶೋಧಕರ ಮನಸ್ಸಿನಲ್ಲಿ ಇರುವುದು ಇದು.

ಈ ಅಂಕಗಳಿಗೂ ಸ್ತನ ಕ್ಯಾನ್ಸರಿಗೂ ತಾಳೆ ಹಾಕಿದಾಗ ಒಂದು ಕುತೂಹಲದ ವಿಷಯ ಹೊರಬಂತು. ಸ್ತನ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಕೆಲವು ಗಡ್ಡೆಗಳ ಕೋಶಗಳಲ್ಲಿ ಈಸ್ಟ್ರೊಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇರುತ್ತದೆ. ಇವು ಆ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಡಾಕ್ಟರುಗಳು ಇವನ್ನು ಇಆರ್ ಪಾಸಿಟಿವ್ ಎನ್ನುತ್ತಾರೆ. ಹೆಚ್ಚಿನ ಸ್ತನ ಕ್ಯಾನ್ಸರುಗಳು ಈ ಗುಂಪಿನವು. ರಿಸೆಪ್ಟರ್ ಇಲ್ಲದವು ಇಆರ್ ನೆಗೆಟಿವ್. ಸಂಖ್ಯೆಯಲ್ಲಿ ಕಡಿಮೆ, ಆದರೆ ಹಾರ್ಮೋನ್ ತಡೆಯುವ ಔಷಧಗಳು ಇವಕ್ಕೆ ಕೆಲಸ ಮಾಡುವುದಿಲ್ಲ. ಹಾಗಾಗಿ ಚಿಕಿತ್ಸೆ ಕಷ್ಟ.

ಒಳ್ಳೆಯ ಊಟದ ಲಾಭ ಹೆಚ್ಚು ಸ್ಪಷ್ಟವಾಗಿ ಕಂಡಿದ್ದು ಈ ಎರಡನೆಯ ಗುಂಪಿನಲ್ಲಿ. ನೆದರ್ಲೆಂಡ್ಸ್‌ನಲ್ಲಿ 55ರಿಂದ 69 ವಯಸ್ಸಿನ 62,573 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದರು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮೆಡಿಟರೇನಿಯನ್ ಮಾದರಿಗೆ ಹತ್ತಿರದ ಊಟ ಮಾಡುತ್ತಿದ್ದವರಲ್ಲಿ ಇಆರ್ ನೆಗೆಟಿವ್ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆ ಇತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಮೂಲ ಮೆಡಿಟರೇನಿಯನ್ ಅಂಕಪಟ್ಟಿಯಲ್ಲಿ ಮಿತವಾದ ಕುಡಿತಕ್ಕೂ ಒಂದು ಅಂಕ ಇದೆ. ಈ ಸಂಶೋಧಕರು ಅದನ್ನು ಲೆಕ್ಕದಿಂದ ತೆಗೆದುಹಾಕಿದ್ದರು. ಅದು ಸರಿಯಾದ ನಿರ್ಧಾರ. ಹೃದಯದ ದೃಷ್ಟಿಯಿಂದ ಹುಟ್ಟಿದ ಅಂಕಪಟ್ಟಿಯನ್ನು ಹಾಗೇ ಎತ್ತಿ ಸ್ತನ ಕ್ಯಾನ್ಸರಿಗೆ ಅಂಟಿಸಲು ಆಗುವುದಿಲ್ಲ. ತರಕಾರಿಯ ವಿಷಯದಲ್ಲೂ ಇದೇ ಕಥೆ. 20 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ, ತರಕಾರಿ ಜಾಸ್ತಿ ತಿನ್ನುವವರಲ್ಲಿ ಇಆರ್ ನೆಗೆಟಿವ್ ಮಾತ್ರ ಕಡಿಮೆ ಇತ್ತು. ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಒಂದು ವಿವರಣೆ ಹೀಗಿದೆ. ಇಆರ್ ಪಾಸಿಟಿವ್ ಗಡ್ಡೆಗಳ ಮೇಲೆ ಹಾರ್ಮೋನಿನ ಪ್ರಭಾವ ತುಂಬ ಜೋರು. ಆ ಜೋರಿನಲ್ಲಿ ಊಟದ ಸಣ್ಣ ಪ್ರಭಾವ ಮುಚ್ಚಿಹೋಗುತ್ತದೆ. ಹಾರ್ಮೋನಿನ ಪಾತ್ರ ಕಡಿಮೆ ಇರುವ ಕಡೆ ಅದು ಕಣ್ಣಿಗೆ ಬೀಳುತ್ತದೆ.

ಕೊಬ್ಬಿನ ಮೇಲಿನ ಅನುಮಾನ

ಊಟದ ಮೇಲೆ ಮೊದಲು ಅನುಮಾನ ಬಂದದ್ದು ದೇಶ ದೇಶಗಳನ್ನು ಹೋಲಿಸಿದಾಗ. 1970ರ ದಶಕದಲ್ಲಿ ಒಂದು ಚಿತ್ರ ಹೆಸರಾಯಿತು. ಒಂದು ಕಡೆ ಆಯಾ ದೇಶದ ಜನ ತಿನ್ನುವ ಕೊಬ್ಬು, ಇನ್ನೊಂದು ಕಡೆ ಸ್ತನ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ. ಎರಡೂ ಜೊತೆಜೊತೆಗೇ ಏರುತ್ತಿದ್ದವು. ಜಪಾನಿನಿಂದ ಹವಾಯಿಗೆ ಹೋಗಿ ನೆಲೆಸಿದವರ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸ್ತನ ಕ್ಯಾನ್ಸರ್ ಹೆಚ್ಚುತ್ತಾ ಹೋಗಿತ್ತು. ಜೀನ್ ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಬದುಕುವ ರೀತಿ. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೋ 1981ರಲ್ಲಿ ಅಮೆರಿಕದ ಲೆಕ್ಕ ಹಾಕಿ, ಎಲ್ಲ ಬಗೆಯ ಕ್ಯಾನ್ಸರ್ ಸಾವುಗಳಲ್ಲಿ ಸುಮಾರು ಶೇ. 35ಕ್ಕೆ ಊಟ ಕಾರಣ ಇರಬಹುದು ಎಂದರು. ಆ ಲೆಕ್ಕದ ಜೊತೆಗೇ ಅವರು ಕೊಟ್ಟ ಅಂದಾಜಿನ ಹರವು ಶೇ. 10ರಿಂದ 70ರವರೆಗೆ ಇತ್ತು. ಜನ ನೆನಪಿಟ್ಟುಕೊಂಡದ್ದು 35ನ್ನು. ಹರವನ್ನು ಮರೆತುಬಿಟ್ಟರು.

ಆದರೆ ಶ್ರೀಮಂತ ದೇಶಗಳಲ್ಲಿ ಕೊಬ್ಬು ಮಾತ್ರ ಜಾಸ್ತಿ ಅಲ್ಲ. ಅಲ್ಲಿ ಮಕ್ಕಳು ಕಡಿಮೆ, ಮೊದಲ ಮಗು ತಡ, ಎದೆಹಾಲು ಕೊಡುವ ಅವಧಿ ಕಡಿಮೆ, ಮೈನೆರೆಯುವ ವಯಸ್ಸೂ ಬೇಗ. ಕೊಬ್ಬೇ ಕಾರಣ ಎಂದು ಹೇಳುವುದು ಹೇಗೆ? ಅದಕ್ಕಿರುವ ದಾರಿ ಒಂದೇ. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಊಟ ಬದಲಾಯಿಸಿ, ವರ್ಷಗಟ್ಟಲೆ ಕಾಯಬೇಕು. ಹೇಳಲು ಸುಲಭ, ಮಾಡಲು ತುಂಬ ಕಷ್ಟ.

ಅಮೆರಿಕದಲ್ಲಿ ಅದನ್ನು ಮಾಡಿಯೂ ತೋರಿಸಿದರು. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಆ ದೊಡ್ಡ ಯೋಜನೆಯ ಊಟದ ಪ್ರಯೋಗಕ್ಕೆ 50ರಿಂದ 79 ವಯಸ್ಸಿನ, ಮುಟ್ಟು ನಿಂತ 48,835 ಮಹಿಳೆಯರು ಸೇರಿದರು. ಒಂದು ಗುಂಪಿಗೆ ಕೊಬ್ಬನ್ನು ಒಟ್ಟು ಕ್ಯಾಲೊರಿಯ ಶೇ. 20ಕ್ಕೆ ಇಳಿಸುವ ತರಬೇತಿ ಕೊಟ್ಟರು. ಜೊತೆಗೆ ತರಕಾರಿ, ಹಣ್ಣು, ಧಾನ್ಯ ಹೆಚ್ಚಿಸಲು ಹೇಳಿದರು. ಇನ್ನೊಂದು ಗುಂಪು ಮೊದಲಿನ ಹಾಗೇ ತಿನ್ನುತ್ತಿತ್ತು. ಸರಾಸರಿ 8.1 ವರ್ಷಗಳ ನಂತರ, 2006ರಲ್ಲಿ ಫಲಿತಾಂಶ ಬಂತು. ಕೊಬ್ಬು ಇಳಿಸಿದ ಗುಂಪಿನಲ್ಲಿ ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 42 ಮಂದಿಗೆ ಸ್ತನ ಕ್ಯಾನ್ಸರ್. ಇನ್ನೊಂದು ಗುಂಪಿನಲ್ಲಿ 45. ಶೇ. 9ರ ವ್ಯತ್ಯಾಸ. ಬರೀ ಆಕಸ್ಮಿಕವಾಗಿಯೂ ಇಷ್ಟು ವ್ಯತ್ಯಾಸ ಬರಬಹುದಿತ್ತು. ಹಾಗಾಗಿ ಲಾಭ ಸಾಬೀತಾಗಲಿಲ್ಲ ಎಂದೇ ಬರೆದರು. ಪತ್ರಿಕೆಗಳಲ್ಲಿ ಕೊಬ್ಬಿಗೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲ ಎಂಬಂತೆ ಸುದ್ದಿಯಾಯಿತು.

ಇದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಶೇ. 20ರ ಗುರಿಯನ್ನು ಹೆಚ್ಚಿನವರು ಮುಟ್ಟಲೇ ಇಲ್ಲ. ಮೊದಲ ವರ್ಷ ಗುಂಪಿನ ಸರಾಸರಿ ಶೇ. 24ಕ್ಕೆ ಇಳಿದಿತ್ತು. ಆರನೇ ವರ್ಷದ ಹೊತ್ತಿಗೆ ಮತ್ತೆ 29ರ ಹತ್ತಿರ ಬಂದಿತ್ತು. ಜೀವನಪೂರ್ತಿಯ ಊಟದ ರೂಢಿ ಬಿಡುವುದು ಅಷ್ಟು ಕಷ್ಟ. ಮೊದಲು ತುಂಬ ಕೊಬ್ಬು ತಿನ್ನುತ್ತಿದ್ದವರಲ್ಲಿ ಲಾಭ ಹೆಚ್ಚು ಕಂಡಿತು. ಸಂಶೋಧಕರು ಇವರನ್ನು ಮುಂದೆಯೂ ಗಮನಿಸುತ್ತಲೇ ಹೋದರು. ಸುಮಾರು 20 ವರ್ಷಗಳ ನಂತರ, 2020ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಊಟ ಬದಲಾಯಿಸಿದ ಗುಂಪಿನಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ಶೇ. 21ರಷ್ಟು ಕಡಿಮೆ ಇದ್ದರು. ಇದು ಗಟ್ಟಿ ವ್ಯತ್ಯಾಸ. ಅದು ಕೊಬ್ಬು ಇಳಿಸಿದ್ದರಿಂದಲೋ, ತರಕಾರಿ ಮತ್ತು ಧಾನ್ಯ ಹೆಚ್ಚಿಸಿದ್ದರಿಂದಲೋ, ತೂಕ ತುಸು ಇಳಿದದ್ದರಿಂದಲೋ, ಬಿಡಿಸಿ ಹೇಳಲು ಬರುವುದಿಲ್ಲ. ನನ್ನ ಪ್ರಕಾರ ಬಿಡಿಸುವ ಅಗತ್ಯವೂ ಇಲ್ಲ. ಬದಲಾಗಿದ್ದು ಇಡೀ ಊಟ, ಫಲ ಕೊಟ್ಟಿದ್ದೂ ಇಡೀ ಊಟ.

ಸ್ಪೇನಿನ ಇನ್ನೊಂದು ಪ್ರಯೋಗದ ಹೆಸರೂ ಆಗಾಗ ಕೇಳಿಬರುತ್ತದೆ. ಆಲಿವ್ ಎಣ್ಣೆ ಸೇರಿಸಿದ ಮೆಡಿಟರೇನಿಯನ್ ಊಟ ಮಾಡಿದವರಲ್ಲಿ ಸ್ತನ ಕ್ಯಾನ್ಸರ್ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು ಎಂದು 2015ರಲ್ಲಿ ಸುದ್ದಿಯಾಯಿತು. ಕೇಳಲು ಚೆನ್ನಾಗಿದೆ. ಆದರೆ 4,282 ಮಹಿಳೆಯರಲ್ಲಿ ಕಾಯಿಲೆ ಬಂದದ್ದು ಒಟ್ಟು 35 ಮಂದಿಗೆ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಐದಾರು ಮಂದಿ ಆಚೀಚೆ ಆದರೂ ಲೆಕ್ಕ ತಲೆಕೆಳಗಾಗುತ್ತದೆ. ಆ ಪ್ರಯೋಗ ನಡೆದದ್ದು ಹೃದಯದ ಕಾಯಿಲೆಗಾಗಿ. ಅದರ ಮೂಲ ವರದಿಯನ್ನೂ 2018ರಲ್ಲಿ ಹಿಂದಕ್ಕೆ ಪಡೆದು, ಗುಂಪು ಮಾಡಿದ್ದರಲ್ಲಿನ ದೋಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ಪ್ರಕಟಿಸಬೇಕಾಯಿತು. ಇದು ಆಸೆ ಹುಟ್ಟಿಸುವ ಸುಳಿವು. ಅದಕ್ಕಿಂತ ಜಾಸ್ತಿ ಭಾರ ಹೊರಿಸಬಾರದು.

ತಟ್ಟೆಯಿಂದ ಕೋಶದವರೆಗೆ

ತಿಂದದ್ದು ಸ್ತನದ ಕೋಶದವರೆಗೆ ತಲುಪುವುದು ಹೇಗೆ? ದಾರಿಗಳು ಹಲವು, ಆದರೆ ಮುಖ್ಯವಾದದ್ದು ಈಸ್ಟ್ರೊಜನ್. ಈ ಹಾರ್ಮೋನ್ ಸ್ತನದ ಕೋಶಗಳಿಗೆ ಒಡೆದು ಹೆಚ್ಚಾಗಲು ಹೇಳುತ್ತದೆ. ಕೋಶ ಒಡೆಯುವಾಗಲೆಲ್ಲ ಡಿಎನ್‌ಎ ನಕಲಾಗಬೇಕು. ನಕಲಾಗುವಾಗಲೆಲ್ಲ ತಪ್ಪಾಗುವ ಸಾಧ್ಯತೆ ಇರುತ್ತದೆ. ಜೀವಮಾನದಲ್ಲಿ ಸ್ತನಕ್ಕೆ ಒಟ್ಟು ಎಷ್ಟು ಈಸ್ಟ್ರೊಜನ್ ತಾಗಿದೆ ಎಂಬುದು ಅದಕ್ಕೇ ಮುಖ್ಯ.

ಮುಟ್ಟು ನಿಲ್ಲುವವರೆಗೆ ಈ ಹಾರ್ಮೋನ್ ಹೆಚ್ಚಾಗಿ ಬರುವುದು ಅಂಡಾಶಯದಿಂದ. ಮುಟ್ಟು ನಿಂತ ಮೇಲೆ ಆ ಮೂಲ ಮುಚ್ಚುತ್ತದೆ. ಆಗ ಮೈಯಲ್ಲಿರುವ ಕೊಬ್ಬೇ ಅದರ ಮುಖ್ಯ ಮೂಲವಾಗುತ್ತದೆ. ಕೊಬ್ಬಿನ ಕೋಶಗಳಲ್ಲಿ ಅರೋಮಟೇಸ್ ಎಂಬ ಕಿಣ್ವ ಇದೆ. ಅದು ಬೇರೆ ಹಾರ್ಮೋನುಗಳನ್ನು ಈಸ್ಟ್ರೊಜನ್ ಆಗಿ ಬದಲಾಯಿಸುತ್ತದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಎಂಬ ಮಾತ್ರೆಗಳ ಹೆಸರು ಕೇಳಿರಬಹುದು. ಅವು ತಡೆಯುವುದು ಇದೇ ಕಿಣ್ವವನ್ನು. ಮೈಯಲ್ಲಿ ಕೊಬ್ಬು ಜಾಸ್ತಿಯಾದಷ್ಟೂ ಈ ಕಿಣ್ವವೂ ಜಾಸ್ತಿ, ಹಾರ್ಮೋನೂ ಜಾಸ್ತಿ.

ಇನ್ಸುಲಿನ್ ಇನ್ನೊಂದು ದಾರಿ. ತೂಕ ಏರಿ, ನುಣುಪು ಹಿಟ್ಟು ಮತ್ತು ಸಿಹಿ ಜಾಸ್ತಿಯಾದಾಗ ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರಿಯೇ ಇರುತ್ತದೆ. ಇನ್ಸುಲಿನ್ ಕೂಡ ಕೋಶಗಳಿಗೆ ಬೆಳೆಯಲು ಹೇಳುವ ಹಾರ್ಮೋನೇ. ಅದು ಹೆಚ್ಚಾದರೆ, ರಕ್ತದಲ್ಲಿ ಈಸ್ಟ್ರೊಜನ್ನನ್ನು ಕಟ್ಟಿಹಿಡಿಯುವ ಒಂದು ಪ್ರೋಟೀನನ್ನು ಲಿವರ್ ಕಡಿಮೆ ತಯಾರಿಸುತ್ತದೆ. ಕಟ್ಟಿಲ್ಲದ ಈಸ್ಟ್ರೊಜನ್ ಕೋಶಗಳಿಗೆ ಸುಲಭವಾಗಿ ಸಿಗುತ್ತದೆ.

ನಾರಿನಂಶದ ಕೆಲಸ ಇದಕ್ಕೆ ಉಲ್ಟಾ. ಬಳಸಿ ಮುಗಿದ ಈಸ್ಟ್ರೊಜನ್ನನ್ನು ಲಿವರ್ ಒಂದು ಗುರುತು ಹಚ್ಚಿ ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಅದು ಹೊರಗೆ ಹೋಗಬೇಕು. ಆದರೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಆ ಗುರುತನ್ನು ಕಿತ್ತುಹಾಕುತ್ತವೆ. ಆಗ ಹಾರ್ಮೋನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಊಟದಲ್ಲಿ ನಾರು ಸಾಕಷ್ಟಿದ್ದರೆ ಹೀಗೆ ಮರಳಿ ಹೋಗುವುದು ತಗ್ಗುತ್ತದೆ, ಹೊರಗೆ ಹೋಗುವುದು ಹೆಚ್ಚುತ್ತದೆ. 20 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2020ರಲ್ಲಿ ಲೆಕ್ಕ ಹಾಕಿದಾಗ, ಅತಿ ಹೆಚ್ಚು ನಾರು ತಿನ್ನುವವರಲ್ಲಿ ಅತಿ ಕಡಿಮೆ ತಿನ್ನುವವರಿಗಿಂತ ಸ್ತನ ಕ್ಯಾನ್ಸರ್ ಶೇ. 8ರಷ್ಟು ಕಡಿಮೆ ಇತ್ತು. ಸಣ್ಣ ಲಾಭ. ಆದರೆ ಬೇಳೆಕಾಳು, ತರಕಾರಿ, ಇಡೀ ಧಾನ್ಯ ತಿಂದರೆ ಕರುಳಿಗೂ ಹೃದಯಕ್ಕೂ ಸಿಗುವ ಲಾಭ ಬೇರೆಯೇ ಇದೆಯಲ್ಲ.

ಮದ್ಯದ ವಿಷಯದಲ್ಲಿ ಅನುಮಾನವೇ ಇಲ್ಲ

ಇಡೀ ಚರ್ಚೆಯಲ್ಲಿ ಅತ್ಯಂತ ಗಟ್ಟಿ ಸಾಕ್ಷ್ಯ ಇರುವುದು ಮದ್ಯದ ವಿರುದ್ಧ. ಆದರೂ ಇದರ ಬಗ್ಗೆಯೇ ಕಡಿಮೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2007ರಲ್ಲಿ ಮತ್ತೆ ಕೂತು ಪರಿಶೀಲಿಸಿ, ಅದು ಸ್ತನ ಕ್ಯಾನ್ಸರಿಗೂ ಕಾರಣ ಎಂದು ಹೇಳಿತು.

ಪ್ರಮಾಣ ಎಷ್ಟು? 53 ಅಧ್ಯಯನಗಳ, ಕಾಯಿಲೆ ಬಂದ 58,515 ಮಹಿಳೆಯರ ಮಾಹಿತಿ ಸೇರಿಸಿ 2002ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ದಿನಕ್ಕೆ 10 ಗ್ರಾಂ ಆಲ್ಕೋಹಾಲ್ ಹೆಚ್ಚಾದಂತೆ ಅಪಾಯ ಸುಮಾರು ಶೇ. 7 ಏರುತ್ತದೆ. 10 ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ಗ್ಲಾಸ್ ವೈನ್. ಬಿಯರ್, ವೈನ್, ವಿಸ್ಕಿ ಯಾವುದಾದರೂ ಒಂದೇ. ಕೆಂಪು ವೈನಿಗೆ ವಿನಾಯಿತಿ ಇಲ್ಲ. ಬ್ರಿಟನ್ನಿನಲ್ಲಿ ಸುಮಾರು 13 ಲಕ್ಷ ಮಹಿಳೆಯರನ್ನು ಗಮನಿಸಿ 2009ರಲ್ಲಿ ಕೊಟ್ಟ ಅಂದಾಜು ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. ಸಾವಿರ ಮಹಿಳೆಯರು ದಿನಕ್ಕೆ ಒಂದೊಂದು ಡ್ರಿಂಕ್ ಹೆಚ್ಚಿಗೆ ಕುಡಿದರೆ, 75 ವಯಸ್ಸಿನೊಳಗೆ ಅವರಲ್ಲಿ ಸುಮಾರು 11 ಮಂದಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರುತ್ತದೆ.

ಕಾರಣವೂ ತಿಳಿದಿದೆ. ದೇಹದಲ್ಲಿ ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಅದು ಡಿಎನ್‌ಎಗೆ ನೇರವಾಗಿ ಹಾನಿ ಮಾಡುತ್ತದೆ. ಜೊತೆಗೆ ಈಸ್ಟ್ರೊಜನ್ ಮಟ್ಟವೂ ಏರುತ್ತದೆ. ಮುಟ್ಟು ನಿಂತ ಮಹಿಳೆಯರಿಗೆ ಎಂಟು ವಾರ ದಿನಕ್ಕೆ 15 ಅಥವಾ 30 ಗ್ರಾಂ ಕೊಟ್ಟು ನೋಡಿದ ಪ್ರಯೋಗದಲ್ಲಿ ರಕ್ತದ ಹಾರ್ಮೋನ್ ಏರಿದ್ದನ್ನು ಅಳೆದೇ ತೋರಿಸಿದ್ದಾರೆ. ಕ್ಯಾನ್ಸರಿನ ಮಟ್ಟಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಕೆಳಮಿತಿ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಕುಡಿಯುವ ಅಭ್ಯಾಸ ಇರುವವರಿಗೆ ಊಟದಲ್ಲಿ ಮಾಡಬಹುದಾದ ಯಾವ ಬದಲಾವಣೆಗಿಂತಲೂ ಇದನ್ನು ಬಿಡುವುದು, ಆಗದಿದ್ದರೆ ಕಡಿಮೆ ಮಾಡುವುದು ಹೆಚ್ಚು ಖಚಿತವಾದ ಲಾಭ ಕೊಡುತ್ತದೆ.

ತೂಕ ಮತ್ತು ವಯಸ್ಸು

ಮೈತೂಕದ ವಿಷಯ ಸ್ವಲ್ಪ ತಲೆ ತಿರುಗಿಸುತ್ತದೆ. ಮುಟ್ಟು ನಿಂತ ಮೇಲೆ ಜಾಸ್ತಿ ತೂಕ ಇದ್ದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು. ಮುಟ್ಟು ನಿಲ್ಲುವ ಮುಂಚೆ ಹಾಗಲ್ಲ. 7,58,592 ಮಹಿಳೆಯರ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಚಿಕ್ಕ ವಯಸ್ಸಿನಲ್ಲಿ ತೂಕ ಜಾಸ್ತಿ ಇದ್ದವರಿಗೆ ಮುಟ್ಟು ನಿಲ್ಲುವ ಮುಂಚಿನ ಸ್ತನ ಕ್ಯಾನ್ಸರ್ ಕಡಿಮೆಯೇ ಇತ್ತು. ಇದನ್ನು ಓದಿ ಯಾರೂ ಚಿಕ್ಕ ವಯಸ್ಸಿನಲ್ಲಿ ತೂಕ ಏರಿಸಿಕೊಳ್ಳಬೇಕಿಲ್ಲ. ಏರಿದ ತೂಕ ಸಾಮಾನ್ಯವಾಗಿ ಇಳಿಯುವುದಿಲ್ಲ. ಕಾಯಿಲೆ ಹೆಚ್ಚಾಗಿ ಬರುವುದು ಮುಟ್ಟು ನಿಂತ ಮೇಲೆಯೇ.

ಅಮೆರಿಕದಲ್ಲಿ 1976ರಲ್ಲಿ ಶುರುವಾದ ನರ್ಸುಗಳ ಅಧ್ಯಯನ ಇಲ್ಲಿ ತುಂಬ ಉಪಯೋಗಕ್ಕೆ ಬಂದಿದೆ. ಹದಿನೆಂಟನೇ ವಯಸ್ಸಿನ ನಂತರ 25 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ತೂಕ ಏರಿದವರಲ್ಲಿ, ಏರದೆ ಉಳಿದವರಿಗಿಂತ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಶೇ. 45ರಷ್ಟು ಹೆಚ್ಚಿತ್ತು. ಅದೇ ಅಧ್ಯಯನ ಒಂದು ಸಮಾಧಾನದ ವಿಷಯವನ್ನೂ ಹೇಳಿತು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳದ ಮಹಿಳೆಯರಲ್ಲಿ, ಮುಟ್ಟು ನಿಂತ ಮೇಲೆ 10 ಕಿಲೋ ಇಳಿಸಿ ಹಾಗೇ ಉಳಿಸಿಕೊಂಡವರಿಗೆ ಅಪಾಯ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ತಡವಾಯಿತು ಎಂದು ಕೈಚೆಲ್ಲಬೇಕಿಲ್ಲ.

ಯಾವ ವಯಸ್ಸಿನ ಊಟ ಮುಖ್ಯ ಎನ್ನುವುದು ಇನ್ನೊಂದು ಪ್ರಶ್ನೆ. ಮೈನೆರೆದ ನಂತರ ಮೊದಲ ಬಸಿರಿನವರೆಗೆ ಸ್ತನದ ಕೋಶಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬಾಂಬಿನ ವಿಕಿರಣ ತಾಗಿದವರಲ್ಲಿ, ಆಗ ಚಿಕ್ಕ ಹುಡುಗಿಯರಾಗಿದ್ದವರಿಗೇ ಮುಂದೆ ಸ್ತನ ಕ್ಯಾನ್ಸರ್ ಹೆಚ್ಚು ಬಂತು. ಊಟದ ಸಂಶೋಧನೆ ಮಾತ್ರ ಬಹುಪಾಲು ನಡೆದದ್ದು ಐವತ್ತು ದಾಟಿದವರ ಮೇಲೆ. ನರ್ಸುಗಳ ಎರಡನೇ ಅಧ್ಯಯನದಲ್ಲಿ ಯೌವನದ ಊಟವನ್ನೂ ನೋಡಿದರು. ಯೌವನದಲ್ಲಿ ದಿನಕ್ಕೆ 10 ಗ್ರಾಂ ನಾರು ಹೆಚ್ಚಿದ್ದಂತೆ ಅಪಾಯ ಶೇ. 13ರಷ್ಟು ಕಡಿಮೆ ಎಂದು 2016ರಲ್ಲಿ ಬರೆದರು. ಹೈಸ್ಕೂಲಿನ ದಿನಗಳ ಊಟದಲ್ಲೂ ಅದೇ ಬಗೆಯ ಲಾಭ ಕಂಡಿತು, ಆದರೆ ಹೈಸ್ಕೂಲಿನಲ್ಲಿ ತಿಂದದ್ದನ್ನು ಅವರು ಎಷ್ಟೋ ವರ್ಷದ ನಂತರ ನೆನಪು ಮಾಡಿಕೊಂಡು ಹೇಳಿದ್ದರು. ಹೀಗಿದ್ದರೂ ಹುಡುಗಿಯರ ಊಟದ ಬಗ್ಗೆ ಮನೆಯಲ್ಲಿ ಈಗಲೇ ಕಾಳಜಿ ಮಾಡಲು ಈ ಸುಳಿವು ಸಾಕು.

ಎದೆಹಾಲು ಊಟದ ಲೆಕ್ಕಕ್ಕೆ ನೇರವಾಗಿ ಸೇರುವುದಿಲ್ಲ. ಆದರೂ ಹೇಳದೆ ಬಿಡಲಾಗದು. 30 ದೇಶಗಳ 47 ಅಧ್ಯಯನಗಳ ಪ್ರಕಾರ, ಒಟ್ಟು ಹನ್ನೆರಡು ತಿಂಗಳು ಹಾಲೂಡಿಸಿದರೆ ತಾಯಿಯ ಅಪಾಯ ಶೇ. 4.3ರಷ್ಟು ಇಳಿಯುತ್ತದೆ.

ಸೋಯಾ, ಸಕ್ಕರೆ, ಹಾಲು

ಸೋಯಾ ಬಗ್ಗೆ ಇರುವ ಹೆದರಿಕೆಗೆ ಕಾರಣ ಅದರಲ್ಲಿರುವ ಐಸೋಫ್ಲೇವೋನ್. ಅದರ ಆಕಾರ ಈಸ್ಟ್ರೊಜನ್ ಹಾಗೇ ಇದೆ. ಇಲಿಗಳಲ್ಲಿ ಅದು ಗಡ್ಡೆ ಬೆಳೆಸಿದ ಪ್ರಯೋಗಗಳೂ ಇವೆ. ಆದರೆ ಅದರ ಶಕ್ತಿ ಈಸ್ಟ್ರೊಜನ್ನಿಗಿಂತ ತುಂಬ ಕಡಿಮೆ. ಇಲಿಗಳ ದೇಹ ಅದನ್ನು ನಮ್ಮ ಹಾಗೆ ಅರಗಿಸಿಕೊಳ್ಳುವುದೂ ಇಲ್ಲ. ಶಾಂಘೈಯಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದ 5,042 ಮಹಿಳೆಯರನ್ನು ಗಮನಿಸಿದಾಗ, ಸೋಯಾ ಜಾಸ್ತಿ ತಿನ್ನುತ್ತಿದ್ದವರಲ್ಲಿ ಕಾಯಿಲೆ ಮರಳುವುದೂ ಸಾವೂ ಕಡಿಮೆ ಇದ್ದವು. ಇದು 2009ರಲ್ಲಿ ಪ್ರಕಟವಾಯಿತು. ಊಟದಲ್ಲಿ ಬರುವ ಸೋಯಾಗೆ ಹೆದರಬೇಕಿಲ್ಲ. ಮಾತ್ರೆಯಲ್ಲಿ ಸಾಂದ್ರವಾಗಿ ಬರುವುದು ಬೇರೆ ವಿಷಯ.

ಸಕ್ಕರೆಯ ಕಥೆ ಹುಟ್ಟಿದ್ದು ಅರ್ಧ ಸತ್ಯದಿಂದ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಜೋರಾಗಿ ಬಳಸುತ್ತವೆ, ಪೆಟ್ ಸ್ಕ್ಯಾನ್ ಅದನ್ನೇ ಹಿಡಿದು ಗಡ್ಡೆ ಹುಡುಕುತ್ತದೆ. ಆದರೆ ದೇಹದ ಎಲ್ಲ ಕೋಶಗಳಿಗೂ ಗ್ಲೂಕೋಸ್ ಬೇಕು. ಸಕ್ಕರೆ ಪೂರ್ತಿ ಬಿಟ್ಟರೂ ಲಿವರ್ ಅದನ್ನು ತಯಾರಿಸಿಕೊಂಡೇ ತೀರುತ್ತದೆ. ಸಕ್ಕರೆಯಿಂದ ತೊಂದರೆ ಬರುವುದು ತೂಕ ಮತ್ತು ಇನ್ಸುಲಿನ್ ಮೂಲಕ. ಹಾಲಿನ ಬಗ್ಗೆ ಅಧ್ಯಯನಗಳು ಎರಡೂ ಕಡೆ ಎಳೆಯುತ್ತವೆ. ಹಾಲು ಬಿಡಿ ಎಂದು ಹೇಳುವಷ್ಟು ಆಧಾರ ಅಲ್ಲಿಲ್ಲ.

ಕಾರ್ಖಾನೆಯಲ್ಲಿ ತಯಾರಾಗುವ ಪೊಟ್ಟಣದ ತಿನಿಸುಗಳ ಬಗ್ಗೆ ಫ್ರಾನ್ಸಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ 2018ರಲ್ಲಿ ಬಂತು. ಊಟದಲ್ಲಿ ಅಂಥ ತಿನಿಸಿನ ಪಾಲು ಶೇ. 10 ಹೆಚ್ಚಾದಂತೆ ಸ್ತನ ಕ್ಯಾನ್ಸರ್ ಶೇ. 11 ಹೆಚ್ಚು ಕಂಡಿತು. ಗಮನಿಸಬೇಕಾದ ಸಂಗತಿ, ಆದರೆ ಪೊಟ್ಟಣವೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಇಂಥ ಅಧ್ಯಯನಗಳಲ್ಲಿ ಜನ ತಾವು ತಿಂದದ್ದನ್ನು ತಾವೇ ಹೇಳುತ್ತಾರೆ. ದೇಹ ಖರ್ಚು ಮಾಡಿದ ಶಕ್ತಿಯನ್ನು ಅಳೆದು ಹೋಲಿಸಿದಾಗ, ಜನ ತಿಂದದ್ದನ್ನು ಕಡಿಮೆ ಮಾಡಿ ಹೇಳುವುದು ಮತ್ತೆ ಮತ್ತೆ ಕಂಡಿದೆ. ಚೆನ್ನಾಗಿ ತಿನ್ನುವವರು ಸಾಮಾನ್ಯವಾಗಿ ಓಡಾಡುವುದೂ ಜಾಸ್ತಿ, ಸಿಗರೇಟು ಸೇದುವುದೂ ಕಡಿಮೆ. ಅದನ್ನೆಲ್ಲ ಲೆಕ್ಕದಿಂದ ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ.

ಶೇಕಡಾವಾರು ಓದುವಾಗ

ಸಾವಿರ ಮಹಿಳೆಯರನ್ನು ಅಂದುಕೊಳ್ಳಿ. ಅವರಲ್ಲಿ ಜೀವಮಾನದಲ್ಲಿ 100 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಎಲ್ಲರೂ ಒಳ್ಳೆಯ ಊಟ ಮಾಡಿ ಅಪಾಯ ಶೇ. 10 ಇಳಿಯಿತು. ಈಗ ಬರುವುದು 90 ಮಂದಿಗೆ. ಹತ್ತು ಮಂದಿ ಪಾರಾದರು. ಇದು ಸಣ್ಣ ಮಾತಲ್ಲ. ಇಡೀ ದೇಶದ ಲೆಕ್ಕದಲ್ಲಿ ಅದು ಸಾವಿರಾರು ಜೀವ. ಆದರೆ ಆ 90 ಮಂದಿಯನ್ನು ನೋಡಿ. ಅವರೂ ಚೆನ್ನಾಗಿಯೇ ತಿಂದಿದ್ದರು. ಊಟ ಬದಲಾಯಿಸದಿದ್ದರೂ ಕಾಯಿಲೆ ಬರದೇ ಇರುತ್ತಿದ್ದವರು 900 ಮಂದಿ. ಕಾಯಿಲೆ ಬಂದ ಒಬ್ಬಳನ್ನು ತೋರಿಸಿ ನಿನ್ನ ಊಟ ಸರಿ ಇರಲಿಲ್ಲ ಎಂದು ಹೇಳಲು ಈ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಹಾಗೆ ಹೇಳುವವರು ಲೆಕ್ಕವನ್ನು ತಪ್ಪಾಗಿ ಓದಿದ್ದಾರೆ, ಮೇಲಾಗಿ ನೊಂದವರನ್ನು ಇನ್ನೂ ನೋಯಿಸುತ್ತಿದ್ದಾರೆ.

ಇದೇ ಕಾರಣಕ್ಕೆ, ಊಟ ಎಷ್ಟೇ ಚೆನ್ನಾಗಿದ್ದರೂ ತಪಾಸಣೆ ಬಿಡುವಂತಿಲ್ಲ. ಸ್ತನದಲ್ಲಿ ಗಂಟು ಸಿಕ್ಕರೆ, ಚರ್ಮ ಒಳಗೆ ಎಳೆದಂತಿದ್ದರೆ, ತೊಟ್ಟಿನಿಂದ ರಕ್ತ ಬಂದರೆ ನೋವಿಲ್ಲ ಎಂದು ಸುಮ್ನೆ ಇರಬಾರದು. ತಾಯಿ, ಅಕ್ಕತಂಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಜೀನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಬೇಕು. ಅಂಥ ಅಪಾಯವನ್ನು ಯಾವ ತರಕಾರಿಯೂ ತೊಡೆದುಹಾಕುವುದಿಲ್ಲ.

ಕಾಯಿಲೆ ಬಂದ ಮೇಲೆ

ಚಿಕಿತ್ಸೆ ಮುಗಿಸಿದವರ ಊಟದ ಮೇಲೆ ಅಮೆರಿಕದಲ್ಲಿ ಎರಡು ದೊಡ್ಡ ಪ್ರಯೋಗ ನಡೆದವು. ಒಂದರಲ್ಲಿ 2,437 ಮಹಿಳೆಯರಿದ್ದರು. ಅವರಲ್ಲಿ ಒಂದು ಗುಂಪು ಕೊಬ್ಬನ್ನು ಚೆನ್ನಾಗಿ ಇಳಿಸಿತು. ಆ ಗುಂಪಿನಲ್ಲಿ ಕಾಯಿಲೆ ಮರಳುವುದು ಶೇ. 24ರಷ್ಟು ಕಡಿಮೆಯಾಯಿತು. ಇನ್ನೊಂದರಲ್ಲಿ 3,088 ಮಹಿಳೆಯರು. ಒಂದು ಗುಂಪು ತರಕಾರಿ, ಹಣ್ಣು, ನಾರು ಎಲ್ಲವನ್ನೂ ಬಹಳ ಹೆಚ್ಚಿಸಿತು. ಏಳು ವರ್ಷ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಏಕೆ ಹೀಗೆ? ಮೊದಲ ಪ್ರಯೋಗದಲ್ಲಿ ಊಟ ಬದಲಿಸಿದವರ ತೂಕ ಎರಡೂವರೆ ಕಿಲೋದಷ್ಟು ಇಳಿದಿತ್ತು. ಎರಡನೆಯದರಲ್ಲಿ ಇಳಿಯಲಿಲ್ಲ. ಅಲ್ಲಿ ಸೇರಿದವರು ಮೊದಲೇ ತರಕಾರಿ ಚೆನ್ನಾಗಿ ತಿನ್ನುತ್ತಿದ್ದವರೂ ಹೌದು. ತೂಕವೇ ಮುಖ್ಯ ಎಂಬ ಅನುಮಾನ ಬಲವಾದದ್ದು ಇಲ್ಲಿಂದ.

ಕೀಮೋ ನಡೆಯುತ್ತಿರುವಾಗಿನ ಮಾತೇ ಬೇರೆ. ಆಗ ಬಾಯಿ ರುಚಿ ಕೆಡುತ್ತದೆ, ವಾಕರಿಕೆ, ಬಾಯಿಹುಣ್ಣು ಇರುತ್ತವೆ. ಆ ಹೊತ್ತಿನಲ್ಲಿ ನೆಂಟರು ತರುವ ಪಥ್ಯದ ಪಟ್ಟಿ ಉಪಕಾರ ಮಾಡುವುದಿಲ್ಲ. ದೇಹಕ್ಕೆ ಆಗ ಪ್ರೋಟೀನ್ ಎಂದಿಗಿಂತ ಜಾಸ್ತಿ ಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೆ ಎಂದು ಯುರೋಪಿನ ಪೋಷಣಾ ತಜ್ಞರ ಸಲಹೆ ಇದೆ. ಊಟವನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ, ಇಳಿಯುವುದನ್ನು ತಿಂದರೆ ಸಾಕು. ಆಂಟಿಆಕ್ಸಿಡೆಂಟ್ ಮಾತ್ರೆ, ಗಿಡಮೂಲಿಕೆಯ ಪುಡಿ ಇವುಗಳನ್ನು ಮಾತ್ರ ಡಾಕ್ಟರಿಗೆ ಹೇಳದೆ ಶುರು ಮಾಡಬಾರದು. ಕೆಲವು ಔಷಧದ ಕೆಲಸವನ್ನೇ ಕೆಡಿಸುತ್ತವೆ. ಯಾರಾದರೂ ಅಂಥದ್ದನ್ನು ಪ್ರೀತಿಯಿಂದ ತಂದುಕೊಟ್ಟರೆ, ಡಬ್ಬಿಯನ್ನು ಹಾಗೇ ಚೀಲದಲ್ಲಿ ಹಾಕಿಕೊಂಡು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತೋರಿಸಿ, ಕೇಳಿ, ಆಮೇಲೆ ತೆಗೆದುಕೊಳ್ಳಿ.